ಕಟ್ಟಿ ಮಾರಬೇಕೋ, ಮಾರಿ ಕಟ್ಟಬೇಕೋ? ಹುಬ್ಬಳ್ಳಿ-ಧಾರವಾಡದ ಸಣ್ಣ ಬಿಲ್ಡರ್‌ಗಳಿಗೆ ಮಾರ್ಗದರ್ಶಿ

ಎರಡು ಮನೆಯಿಂದ ಎಂಟು ಮನೆಯವರೆಗೆ ಕಟ್ಟಿ ಮಾರುವವರಿಗಾಗಿ ಬರೆದದ್ದು ಇದು. ಕುಸುಗಲ್ ರೋಡ್, ಗೋಕುಲ ರೋಡ್, ಭೈರಿದೇವರಕೊಪ್ಪ, ಸತ್ತೂರು, ಕೆಲಗೇರಿ ಸುತ್ತಮುತ್ತ 30×40 ಪ್ಲಾಟುಗಳಲ್ಲಿ ಈ ಕೆಲಸ ನಡೆಯುತ್ತಲೇ ಇರುತ್ತದೆ. ಪ್ಲಾಟು ಕೊಂಡ ಮರುದಿನವೇ ಬೋರ್ಡು ನೆಟ್ಟು ಸಂಚಕಾರ ಹಿಡಿಯುವವರು ಕೆಲವರು. ಬಣ್ಣ ಒಣಗುವ ತನಕ ಯಾರಿಗೂ ಬೆಲೆ ಹೇಳದೆ ಬಡ್ಡಿ ಕಟ್ಟುತ್ತ ಕೂರುವವರು ಇನ್ನು ಕೆಲವರು. ಇಬ್ಬರಿಗೂ ಪೆಟ್ಟು ಬೀಳುತ್ತದೆ, ಬೀಳುವ ಜಾಗ ಮಾತ್ರ ಬೇರೆ. ನಮ್ಮ ಸಲಹೆ ಇಷ್ಟು: ಪ್ಲಿಂತ್ (ನೆಲಮಟ್ಟದವರೆಗಿನ ತಳಪಾಯದ ಕೆಲಸ) ಮುಗಿಯುವವರೆಗೆ ಬೆಲೆ ಬಾಯಿಬಿಡಬೇಡಿ. ಪ್ಲಿಂತ್ ಆದಮೇಲೆ ಕೈಯಲ್ಲಿರುವ ಮನೆಗಳಲ್ಲಿ ಅರ್ಧದಷ್ಟನ್ನು ಮಾರಿ. ಉಳಿದವನ್ನು ಕಂಪ್ಲೀಷನ್ ಸರ್ಟಿಫಿಕೇಟ್ (ಕಟ್ಟಡ ಮುಗಿದಿದೆ ಎಂಬ ಪ್ರಮಾಣಪತ್ರ) ಬಂದ ಮೇಲೆ ಮಾರಿ.

ಮೊದಲು ಕಡತ

ಗುದ್ದಲಿ ಪೂಜೆಗೆ ಮುಂಚೆಯೇ ಒಂದು ಕಡತ ಸಿದ್ಧವಿರಲಿ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಕೇಳುವುದು ಇವನ್ನೇ: ಜಮೀನಿನ ಎನ್‌ಎ (ಕೃಷಿಯೇತರ) ಆದೇಶ, ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ಲೇಔಟ್ ನಕ್ಷೆ, ನಿಮ್ಮ ಹೆಸರಿನ ಖರೀದಿ ಪತ್ರ ಮತ್ತು ಅದರ ಹಿಂದಿನ ಪತ್ರಗಳ ಸರಣಿ, ಸಿಟಿಎಸ್ (ನಗರ ಭೂಮಾಪನ) ಉತಾರ, ಇ-ಖಾತೆ, ಋಣಭಾರ ಪತ್ರ, ಪಾಲಿಕೆಯ ಕಟ್ಟಡ ಪರವಾನಗಿ, ಮಂಜೂರಾದ ನಕ್ಷೆ, ಕರ ಕಟ್ಟಿದ ರಸೀದಿ. ಋಣಭಾರ ಪತ್ರವನ್ನು ಹದಿಮೂರು ವರ್ಷಕ್ಕೆ ತೆಗೆಸಿ ಸುಮ್ಮನಾಗಬೇಡಿ. ಬಹಳಷ್ಟು ಬ್ಯಾಂಕುಗಳ ವಕೀಲರು ಮೂವತ್ತು ವರ್ಷದ್ದು ಕೇಳುತ್ತಾರೆ.

ಇಲ್ಲಿ ಹೆಚ್ಚು ಎಡವುವುದು ವಂಶಾವಳಿಯಲ್ಲಿ. ಊರಂಚಿನ ಹೊಲ ಪ್ಲಾಟಾಗಿದ್ದರೆ ಮೂಲ ಮಾಲೀಕರ ಹೆಣ್ಣುಮಕ್ಕಳ ಸಹಿ ಇದೆಯೇ ನೋಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. "ತಂಗಿ ಹಕ್ಕು ಬಿಟ್ಟಾಳ" ಎಂಬ ಬಾಯಿಮಾತು ಬ್ಯಾಂಕಿನ ವಕೀಲರ ಮುಂದೆ ನಡೆಯುವುದಿಲ್ಲ. ನೋಂದಾಯಿತ ಹಕ್ಕುಬಿಡುಗಡೆ ಪತ್ರವೇ ಬೇಕು. ಇನ್ನೊಂದು, ಜಮೀನು ಸರ್ಕಾರದಿಂದ ಮಂಜೂರಾದದ್ದೇ ಎಂದು ಹಳೇ ಪಹಣಿ, ಮ್ಯುಟೇಶನ್‌ಗಳಲ್ಲಿ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಗೆ 1978ರ ಕಾಯ್ದೆಯ ನಿರ್ಬಂಧವಿದೆ. ಅದನ್ನು ಮೀರಿ ಆದ ಖರೀದಿ ಎಷ್ಟು ಕೈ ದಾಟಿದ್ದರೂ ಪ್ರಶ್ನೆಗೆ ಒಳಗಾಗಬಹುದು.

ಪ್ಲಾಟಿನ ಮೇಲೆ ನೀವೇ ಸಾಲ ತೆಗೆದಿದ್ದರೆ, ಒಂದೊಂದು ಮನೆಗೂ ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಬೇಕು. ಸಾಲದ ಕರಾರು ಬರೆಯುವಾಗಲೇ ಒಂದು ಮನೆಗೆ ಎಷ್ಟು ಕಟ್ಟಿದರೆ ಎಷ್ಟು ಜಾಗ ಬಿಡುಗಡೆ ಆಗುತ್ತದೆ ಎಂದು ಬರೆಸಿಕೊಳ್ಳಿ.

ಮಣ್ಣು ನೋಡದೆ ಬೆಲೆ ಹೇಳಿದರೆ

ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿ, ಗದಗ ದಿಕ್ಕಿಗೆ ಹೋದಷ್ಟೂ ಎರಿ (ಕರಿ) ಮಣ್ಣು. ಧಾರವಾಡದ ಪಡುವಣಕ್ಕೆ ಮಸಾರಿ (ಕೆಂಪು ಮಣ್ಣು) ಹೆಚ್ಚು. ಆದರೆ ಒಂದೇ ಲೇಔಟಿನಲ್ಲೇ ಒಂದು ಪ್ಲಾಟಿಗೆ ನಾಲ್ಕು ಅಡಿಗೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಕ್ಕಿ, ಆಚೆ ಸಾಲಿನ ಪ್ಲಾಟಿಗೆ ಎಂಟು ಅಡಿ ಹೋದರೂ ಎರಿ ಮುಗಿಯದಿರುವುದು ಇಲ್ಲಿ ಸಾಮಾನ್ಯ. ಎರಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಕುಳಿತ ಗೋಡೆ ಮೊದಲ ಎರಡು ವರ್ಷದೊಳಗೇ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ.

ಹಾಗಾಗಿ ಪ್ಲಾಟಿನ ಎದುರುಬದುರು ಎರಡು ಮೂಲೆ ಮತ್ತು ನಡುವೆ ಒಂದು, ಹೀಗೆ ಮೂರು ಗುಂಡಿ ಎಂಟಡಿ ತನಕ ತೆಗೆಸಿ. ಜೆಸಿಬಿಗೆ ಅದು ಅರ್ಧ ದಿನದ ಕೆಲಸವೂ ಅಲ್ಲ. ಗಟ್ಟಿ ಗರಸು ಐದಡಿಯೊಳಗೆ ಸಿಕ್ಕರೆ ಮಾಮೂಲಿ ಫುಟಿಂಗ್ ಸಾಕು. ಎಂಟಡಿಗೂ ಕರಿ ಮಣ್ಣೇ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಮೂರೂವರೆ ಮೀಟರ್ ಆಳದ, ಬುಡದಲ್ಲಿ ಗಡ್ಡೆ ಬಿಡಿಸಿದ ಅಂಡರ್-ರೀಮ್ಡ್ ಪೈಲ್ ಹಾಕಿ, ಮೇಲೆ ಪ್ಲಿಂತ್ ಬೀಮ್ ಕಟ್ಟಿ ಎಂದು ಹೇಳಿಯಾರು.

ಖರ್ಚು ಹೇಗೆ ಏರುತ್ತದೆಂದರೆ, 5×5 ಅಡಿಯ ಹನ್ನೆರಡು ಗುಂಡಿ ಇದ್ದರೆ ಆಳ ಒಂದಡಿ ಹೆಚ್ಚಾದಾಗೆಲ್ಲ 300 ಘನ ಅಡಿ, ಅಂದರೆ ಮೂರು ಬ್ರಾಸ್ ಹೆಚ್ಚು ಅಗೆತ, ಅಷ್ಟೇ ತುಂಬುವುದು, ಮೇಲೆ ಕಾಲಮ್ಮಿನ ಉದ್ದ. ತೆಗೆದ ಎರಿಯನ್ನು ನೆಲದಡಿಗೆ ಮತ್ತೆ ತುಂಬುವಂತಿಲ್ಲ, ಗರಸೇ ಬೇಕು. 1000 ಚದರಡಿ ನೆಲಕ್ಕೆ ಎರಡಡಿ ಭರಾವು (ಗರಸು ತುಂಬುವುದು) ಎಂದರೆ ದಮ್ಮಸು ಮಾಡಿ ಗಟ್ಟಿಯಾದಮೇಲೆ 20 ಬ್ರಾಸ್. ಸಡಿಲು ಗರಸು 25 ಬ್ರಾಸ್ ತರಿಸಬೇಕು. ಇದೆಲ್ಲ ಪ್ಲಿಂತ್ ಮುಗಿದ ಮೇಲೆ ಪಕ್ಕಾ ಲೆಕ್ಕ, ಮೊದಲು ಬರೀ ಅಂದಾಜು. ನಾವು "ಪ್ಲಿಂತ್ ತನಕ ಸುಮ್ಮನಿರಿ" ಎನ್ನುವುದು ಇದಕ್ಕೇ. ನೆಲದ ಮೇಲಿನ ಕೆಲಸದಲ್ಲಿ ಬೆಲೆ ಹೇಳಿ ಕೆಡುವುದು ಕಡಿಮೆ.

ಉಕ್ಕು, ಸಿಮೆಂಟಿನ ದರ ಏರಿದರೆ ಎಂಬ ಭಯ ಎಲ್ಲರಿಗೂ ಇದೆ, ಅದು ಅಗತ್ಯಕ್ಕಿಂತ ಹೆಚ್ಚು. ರೂಢಿಯ ಅಂದಾಜಿನಲ್ಲಿ 1000 ಚದರಡಿಗೆ ಸಿಮೆಂಟ್ ಸುಮಾರು 400 ಚೀಲ, ಉಕ್ಕು ಸುಮಾರು 4 ಟನ್. ಉಕ್ಕು ಕಿಲೋಗೆ 8 ರೂಪಾಯಿ ಏರಿದರೆ 32,000. ಸಿಮೆಂಟ್ ಚೀಲಕ್ಕೆ 40 ಏರಿದರೆ 16,000. ಕೂಡಿದರೆ 48,000 ರೂಪಾಯಿ. ಅದೇ ಮನೆಯ ಮೇಲೆ ನಿಮ್ಮ 30 ಲಕ್ಷ ಕೂತಿದ್ದು, ವರ್ಷಕ್ಕೆ ಶೇ. 12ರ ಬಡ್ಡಿಯಾದರೆ ತಿಂಗಳಿಗೆ 30,000. ಎರಡು ತಿಂಗಳು ತಡವಾದರೆ ಉಕ್ಕು-ಸಿಮೆಂಟಿನ ಏರಿಕೆಗಿಂತ ಅದೇ ದೊಡ್ಡ ಹೊಡೆತ.

ಮೊದಲು ಮಾರಿದರೆ ಜಿಎಸ್‌ಟಿ, ಆಮೇಲೆ ಮಾರಿದರೆ ಬಡ್ಡಿ

2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದಲ್ಲಿರುವ ಮನೆಗೆ ಜಿಎಸ್‌ಟಿ ಶೇ. 5, ಕೈಗೆಟುಕುವ ದರದ ಮನೆಗೆ ಶೇ. 1. ಎರಡರಲ್ಲೂ ನೀವು ಸಾಮಾನಿಗೆ ಕೊಟ್ಟ ತೆರಿಗೆ ಹಿಂದಕ್ಕೆ ಸಿಗದು. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಅಥವಾ ಮನೆಯಲ್ಲಿ ಮೊದಲ ವಾಸ ಆರಂಭವಾದ ಮೇಲೆ, ಇವೆರಡರಲ್ಲಿ ಯಾವುದು ಮೊದಲೋ ಅದಾದಮೇಲೆ, ಪೂರ್ತಿ ಹಣ ಪಡೆದರೆ ಜಿಎಸ್‌ಟಿಯೇ ಇಲ್ಲ. "ಪೂರ್ತಿ" ಎಂಬುದನ್ನು ಗಮನಿಸಿ. ಸರ್ಟಿಫಿಕೇಟ್ ಬರುವ ಹತ್ತು ದಿನ ಮೊದಲು ಒಂದು ಲಕ್ಷ ಸಂಚಕಾರ ಹಿಡಿದರೂ ಆ ಮನೆ "ಸಿದ್ಧ ಮನೆ" ಎಂಬ ಸವಲತ್ತು ಕಳೆದುಕೊಳ್ಳುತ್ತದೆ. ಆ ಹತ್ತು ದಿನ ತಾಳಿ.

60 ಲಕ್ಷದ ಮನೆ ತೆಗೆದುಕೊಳ್ಳಿ. ಕಟ್ಟುವಾಗ ಮಾರಿದರೆ ಕೊಳ್ಳುವವರಿಗೆ ಜಿಎಸ್‌ಟಿ 3 ಲಕ್ಷ. ಕಟ್ಟಿದ ಮೇಲೆ 62 ಲಕ್ಷ ಹೇಳಿದರೂ ಅವರಿಗೆ ಜಿಎಸ್‌ಟಿಯ ಮಟ್ಟಿಗೆ ಒಂದು ಲಕ್ಷ ಉಳಿತಾಯ, ನಿಮಗೆ ಎರಡು ಲಕ್ಷ ಹೆಚ್ಚು. ಆದರೆ ಆ ಮನೆಗೆ ನಿಮ್ಮ 40 ಲಕ್ಷ ಸಿಕ್ಕಿಕೊಂಡಿದ್ದರೆ ತಿಂಗಳಿಗೆ 40,000 ಬಡ್ಡಿ. ಮನೆ ಮುಗಿದು ಐದು ತಿಂಗಳು ಗಿರಾಕಿ ಬರದಿದ್ದರೆ ಆ ಎರಡು ಲಕ್ಷ ಹೋಯಿತು. ಎಲ್ಲ ಮನೆಯನ್ನೂ ಕೊನೆಗೆ ಉಳಿಸಿಕೊಳ್ಳಬೇಡಿ ಎನ್ನುವುದು ಇದಕ್ಕೇ. ಮೊದಲು ಮಾರಿದ ಅರ್ಧ ಮನೆಗಳ ಕಂತಿನಿಂದಲೇ ಕೆಲಸ ನಡೆದರೆ ಉಳಿದರ್ಧವನ್ನು ಆತುರವಿಲ್ಲದೆ ಮಾರಬಹುದು.

ಇನ್ನು 45 ಲಕ್ಷದ ಗೆರೆ. ನಮ್ಮ ಊರು ಜಿಎಸ್‌ಟಿಯ ಮೆಟ್ರೊ (ಮಹಾನಗರ) ಪಟ್ಟಿಯಲ್ಲಿಲ್ಲ, ಹಾಗಾಗಿ ಕಾರ್ಪೆಟ್ ಏರಿಯಾ 90 ಚದರ ಮೀಟರ್ ಮೀರದೆ, ಒಟ್ಟು ಬೆಲೆ 45 ಲಕ್ಷ ಮೀರದ ಮನೆಗೆ ಶೇ. 1. ಎರಡೂ ಷರತ್ತು ಕೂಡಿ ಬರಬೇಕು. 46 ಲಕ್ಷಕ್ಕೆ ಮಾರಿದರೆ ಕೊಳ್ಳುವವರು ಕೊಡುವುದು 48.30 ಲಕ್ಷ, 45 ಲಕ್ಷಕ್ಕೆ ಮಾರಿದರೆ 45.45 ಲಕ್ಷ. ನಿಮಗೆ ಒಂದು ಲಕ್ಷ ಹೆಚ್ಚು ಬರಲೆಂದು ಅವರ ಮೇಲೆ 2.85 ಲಕ್ಷ ಹೇರಿದಂತೆ. ನಿರ್ಮಾಣ ಹಂತದ ಮನೆಗೆ 45ರಿಂದ 48ರ ನಡುವೆ ಬೆಲೆ ಇಡುವುದು ನಮ್ಮ ಪ್ರಕಾರ ಶುದ್ಧ ದಡ್ಡತನ. ಪಾರ್ಕಿಂಗ್, ಮೂಲೆ ಪ್ಲಾಟಿನ ಹೆಚ್ಚುವರಿ, ಅಭಿವೃದ್ಧಿ ಶುಲ್ಕ ಎಂದು ಬೇರೆ ರಸೀದಿ ಹರಿದರೂ ಅವೆಲ್ಲ ಈ 45ರೊಳಗೇ ಎಣಿಕೆ.

90 ಚದರ ಮೀಟರ್ ಎಂದರೆ 968 ಚದರಡಿ ಚಿಲ್ಲರೆ. ಕಾರ್ಪೆಟ್ ಏರಿಯಾದಲ್ಲಿ ಒಳಗೋಡೆ ಸೇರುತ್ತದೆ. ಹೊರಗೋಡೆ, ಬಾಲ್ಕನಿ, ತೆರೆದ ಮಾಳಿಗೆ ಸೇರುವುದಿಲ್ಲ. 30×40 ಪ್ಲಾಟಿನಲ್ಲಿ ಹೊರ ಅಳತೆ 22×25 ಅಡಿಯ ಎರಡು ಅಂತಸ್ತು, 9 ಇಂಚಿನ ಹೊರಗೋಡೆ ಎಂದುಕೊಳ್ಳಿ. ಒಳಗೆ 20.5×23.5, ಅಂದರೆ ಸುಮಾರು 482 ಚದರಡಿ. ಎರಡು ಅಂತಸ್ತಿಗೆ 964. ಗೆರೆಯೊಳಗೆ ಬಂತು. ಉದ್ದ ಒಂದೇ ಅಡಿ ಹೆಚ್ಚಿಸಿ 22×26 ಮಾಡಿದರೆ 1004, ಗೆರೆ ದಾಟಿತು. ಇದನ್ನು ನಕ್ಷೆ ಬರೆಸುವಾಗಲೇ ನೋಡಿಕೊಳ್ಳಬೇಕು, ಸ್ಲ್ಯಾಬ್ ಬಿದ್ದ ಮೇಲೆ ಮಾಡುವುದು ಏನೂ ಇಲ್ಲ.

ಈ ಶೇ. 1, ಶೇ. 5ರ ದರಕ್ಕೆ ಇನ್ನೊಂದು ಷರತ್ತಿದೆ. ನಿಮ್ಮ ಖರೀದಿಯಲ್ಲಿ ಶೇ. 80ರಷ್ಟು ಜಿಎಸ್‌ಟಿ ನೋಂದಣಿ ಇರುವವರಿಂದಲೇ ಬಂದಿರಬೇಕು. ಕೊರತೆ ಬಿದ್ದಷ್ಟಕ್ಕೆ ನೀವೇ ತೆರಿಗೆ ತುಂಬಬೇಕು. ಇಟ್ಟಂಗಿ, ಉಸುಕು, ಖಡಿಯನ್ನು ಬಿಲ್ಲಿಲ್ಲದೆ ತರಿಸುವ ರೂಢಿ ಇಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಕೆಲವರು ಪ್ಲಾಟನ್ನು ಮೊದಲು ಕೊಳ್ಳುವವರ ಹೆಸರಿಗೆ ಖರೀದಿ ಮಾಡಿಕೊಟ್ಟು, ಕಟ್ಟಡಕ್ಕೆ ಬೇರೆ ಕರಾರು ಮಾಡುತ್ತಾರೆ. ಬಿಡಿ ಮನೆಗೆ ಬ್ಯಾಂಕುಗಳಿಗೂ ಇದು ಇಷ್ಟ, ಒತ್ತೆಗೆ ಜಾಗ ಗಿರಾಕಿಯ ಹೆಸರಲ್ಲೇ ಇರುತ್ತದಲ್ಲ. ಆದರೆ ಇನ್ನೊಬ್ಬರ ಜಾಗದಲ್ಲಿ ಸಾಮಾನು ಸಮೇತ ಕಟ್ಟಿಕೊಡುವ ಗುತ್ತಿಗೆಗೆ ದರ ಶೇ. 18, ಬದಲಿಗೆ ಸಾಮಾನಿನ ಮೇಲೆ ಕೊಟ್ಟ ತೆರಿಗೆಯನ್ನು ಹಿಂದಕ್ಕೆ ಪಡೆಯಬಹುದು. ಮೊದಲ ಗಿರಾಕಿಗೆ ಬೆಲೆ ಹೇಳುವ ಮುಂಚೆ ನಿಮ್ಮ ಸಿಎ ಹತ್ತಿರ ಎರಡೂ ದಾರಿಯ ಲೆಕ್ಕ ಹಾಕಿಸಿ.

ರೇರಾ ಬೇಕೋ ಬೇಡವೋ

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 3ನೇ ಕಲಮಿನಲ್ಲಿ ಎರಡು ಗೆರೆಗಳಿವೆ: ಜಾಗ 500 ಚದರ ಮೀಟರ್, ಮನೆ ಎಂಟು. 500 ಚದರ ಮೀಟರ್ ಎಂದರೆ 5,382 ಚದರಡಿ, ಐದು ಗುಂಟೆಗೆ ಸ್ವಲ್ಪ ಕಡಿಮೆ. ಎರಡೂ ಗೆರೆಯೊಳಗಿದ್ದರೆ ನೋಂದಣಿ ಬೇಡ. ಎರಡನ್ನೂ ದಾಟಿದರೆ ಬೇಕೇ ಬೇಕು. ಒಂದು ದಾಟಿ ಇನ್ನೊಂದು ದಾಟದಿದ್ದರೆ ವಾದಕ್ಕೆ ಆಸ್ಪದವಿದೆ. ಆ ವಾದವನ್ನು ಗಿರಾಕಿ ದೂರು ಕೊಟ್ಟ ಮೇಲೆ ಮಾಡುವ ಬದಲು ನೋಂದಣಿ ಮಾಡಿಸಿ ಮಾರುವುದು ಲೇಸು. ಈ ವರ್ಷ ನಾಲ್ಕು, ಮುಂದಿನ ವರ್ಷ ಪಕ್ಕದಲ್ಲೇ ಆರು ಎಂದು ಒಡೆದರೂ ಎಲ್ಲ ಹಂತಗಳನ್ನು ಕೂಡಿಸಿಯೇ ಎಣಿಸುತ್ತಾರೆ. ನೋಂದಣಿ ಇಲ್ಲದೆ ಜಾಹೀರಾತು ಕೊಟ್ಟರೂ ಯೋಜನಾ ವೆಚ್ಚದ ಶೇ. 10ರವರೆಗೆ ದಂಡ.

ನೋಂದಣಿಯಾದರೆ: ಗಿರಾಕಿಗಳಿಂದ ಬಂದ ಹಣದ ಶೇ. 70 ಪ್ರತ್ಯೇಕ ಬ್ಯಾಂಕ್ ಖಾತೆಗೆ. ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಪ್ರಮಾಣಪತ್ರ. ಮೂರು ತಿಂಗಳಿಗೊಮ್ಮೆ ವೆಬ್‌ಸೈಟಿನಲ್ಲಿ ಪ್ರಗತಿ ವಿವರ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ. ಏಜೆಂಟರಿಗೂ ರೇರಾ ನೋಂದಣಿ. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ತಡವಾದರೆ ಎಸ್‌ಬಿಐನ ಎಂಸಿಎಲ್‌ಆರ್ (ಸಾಲದ ಮೂಲ ಬಡ್ಡಿ) ದರದ ಮೇಲೆ ಶೇ. 2 ಕೂಡಿಸಿ ಬಡ್ಡಿ ಕೊಡಬೇಕು. ಹಾಗಾಗಿ ಮುಗಿಸುವ ದಿನಾಂಕವನ್ನು ಧಾರಾಳವಾಗಿ ಬರೆಯಿರಿ. ಗೌಂಡಿಗಳು ಬಿತ್ತಿಗೆಗೆ, ಪಂಚಮಿಗೆ, ದೀಪಾವಳಿಗೆ, ಊರ ಜಾತ್ರೆಗೆ ಹೋದರೆ ಹೇಳಿದ ದಿನಕ್ಕೆ ಬರುವುದಿಲ್ಲ. ಎಂಜಿನಿಯರ್ ಹೇಳಿದ ಅವಧಿಗೆ ಕಡಿಮೆಯೆಂದರೂ ಎರಡು ತಿಂಗಳು ಕೂಡಿಸಿ.

ಯಾರು ಕೊಳ್ಳುತ್ತಾರೆ, ದುಡ್ಡು ಹೇಗೆ ಬರುತ್ತದೆ

ನೈಋತ್ಯ ರೈಲ್ವೆಯ ನೌಕರರು, ಆಸ್ಪತ್ರೆಗಳ ವೈದ್ಯರು, ಧಾರವಾಡದ ಹೈಕೋರ್ಟ್ ಪೀಠದ ವಕೀಲರು, ವಿಶ್ವವಿದ್ಯಾಲಯಗಳ ಅಧ್ಯಾಪಕರು: ಇವರೆಲ್ಲ ಬ್ಯಾಂಕ್ ಸಾಲದ ಗಿರಾಕಿಗಳು. ನಿರ್ಮಾಣ ಹಂತದಲ್ಲಿ ಕೊಳ್ಳಲು ಇವರು ಹಿಂಜರಿಯುವುದು ಕಡಿಮೆ, ಬ್ಯಾಂಕು ಕಡತ ನೋಡಿದೆ ಎಂಬ ಧೈರ್ಯ ಇರುತ್ತದೆ. ಇನ್ನೊಂದು ವರ್ಗ, ಮಕ್ಕಳ ಶಾಲೆಗೆಂದು ಪೇಟೆಯಲ್ಲಿ ಮನೆ ಮಾಡುವ ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ರೈತರು. ಇವರಿಗೆ ಸಾಲ ಸಿಗುವುದು ಕಷ್ಟ, ಆದಾಯ ತೆರಿಗೆಯ ಕಾಗದ ಇರುವುದಿಲ್ಲ. ಹತ್ತಿ, ಮೆಣಸಿನಕಾಯಿ, ಕಡಲೆ ಮಾರಿದ ಹಣ ಜನವರಿಯಿಂದ ಮಾರ್ಚ್ ಒಳಗೆ ಒಟ್ಟಿಗೆ ಬರುತ್ತದೆ. ಇಂಥವರ ಕಂತನ್ನು ಸ್ಲ್ಯಾಬಿಗೆ ಕಟ್ಟದೆ ಸುಗ್ಗಿಗೆ ಕಟ್ಟಿ. ಎಪಿಎಂಸಿಯ ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ: ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಮುಟ್ಟಿದ ನಗದು ಮುಂಗಡ ನಿಷಿದ್ಧ, ಪಡೆದಷ್ಟೇ ಮೊತ್ತದ ದಂಡ ಬೀಳುವುದು ಪಡೆದವರಿಗೆ.

ಗಿರಾಕಿಯ ಕೈಯಲ್ಲಿ ಎಷ್ಟು ರೊಕ್ಕ ಇರಬೇಕು ಎಂದು ಮೊದಲ ಭೇಟಿಯಲ್ಲೇ ಕಾಗದದ ಮೇಲೆ ಬರೆದು ತೋರಿಸಿ. 60 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ. 80, ಅಂದರೆ 48 ಲಕ್ಷ ಕೊಡುತ್ತದೆ. ಉಳಿದ 12 ಲಕ್ಷ ಅವರದು. ನಗರದಲ್ಲಿ ಮುದ್ರಾಂಕ ಶುಲ್ಕ ಶೇ. 5, ಸೆಸ್-ಸರ್ಚಾರ್ಜ್ ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2, ಕೂಡಿ 7.6, ಅಂದರೆ 4.56 ಲಕ್ಷ. ನಿರ್ಮಾಣ ಹಂತದ್ದಾದರೆ ಜಿಎಸ್‌ಟಿ 3 ಲಕ್ಷ. ಒಟ್ಟು 19.56 ಲಕ್ಷ ಸ್ವಂತದ್ದು ಬೇಕು. "ಹನ್ನೆರಡು ಲಕ್ಷ ಐತ್ರಿ, ಉಳಿದದ್ದು ಲೋನ್" ಎಂದು ಬಂದವರಿಗೆ ಇದನ್ನು ಆಗಲೇ ಹೇಳದಿದ್ದರೆ, ಮೂರು ತಿಂಗಳ ನಂತರ ಸಂಚಕಾರ ವಾಪಸ್ ಕೇಳುತ್ತಾರೆ. ಅಷ್ಟರಲ್ಲಿ ಬೇರೆ ಗಿರಾಕಿ ಕೈತಪ್ಪಿರುತ್ತಾರೆ.

ಕರಾರು ಮತ್ತು ಕಂತು

ಪ್ಲಿಂತ್ ಆದಮೇಲೆ ಮಾರುವ ಮನೆಗೆ ಈ ಹಂಚಿಕೆ ಸರಿಹೊಂದುತ್ತದೆ:

- ನೋಂದಾಯಿತ ಕರಾರಿನ ದಿನ, ಸಂಚಕಾರ ಸೇರಿ: ಶೇ. 25
- ಲಿಂಟೆಲ್: ಶೇ. 10
- ಸ್ಲ್ಯಾಬ್: ಶೇ. 20
- ಗಿಲಾವು (ಪ್ಲಾಸ್ಟರ್), ವೈರಿಂಗ್ ಪೈಪು, ನಳದ ಪೈಪು: ಶೇ. 15
- ಫರಸಿ (ನೆಲಹಾಸು), ಬಾಗಿಲು, ಕಿಟಕಿ: ಶೇ. 15
- ಬಣ್ಣ, ಮೀಟರ್: ಶೇ. 10
- ಖರೀದಿ ಪತ್ರ, ಕೀಲಿ: ಶೇ. 5

ಮೊದಲಿಗೇ ಶೇ. 25 ಏಕೆಂದರೆ, ಬ್ಯಾಂಕು ತನ್ನ ಮೊದಲ ರೂಪಾಯಿ ಬಿಡುವ ಮುಂಚೆ ಗಿರಾಕಿಯ ಶೇ. 20 ಪೂರ್ತಿ ಸೇರಿರಬೇಕು ಎನ್ನುತ್ತದೆ. ಸ್ಲ್ಯಾಬ್ ತನಕದ ಕಂತು ಕೂಡಿದರೆ ಶೇ. 55. ಇದನ್ನು ಇನ್ನೂ ಏರಿಸಬೇಡಿ. ಸ್ಲ್ಯಾಬ್ ಬಿದ್ದರೆ ಮನೆ ಆದಂತೆ ಎಂದು ಕಣ್ಣಿಗೆ ಕಾಣುತ್ತದೆ. ಕಟ್ಟಡದ ಖರ್ಚಿನ ಅರ್ಧದಷ್ಟು ಇನ್ನೂ ಬಾಕಿ ಇರುತ್ತದೆ. ಆ ಹೊತ್ತಿಗೆ ಗಿರಾಕಿಯ ಶೇ. 80 ಪಡೆದು, ಅದರಲ್ಲಿ ಬೇರೆ ಪ್ಲಾಟು ಹಿಡಿದವರೇ ಫರಸಿ ಹಂತದಲ್ಲಿ ಕೆಲಸ ನಿಲ್ಲಿಸಿಕೊಂಡು ನಿಲ್ಲುವುದು. ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ, ಹಣ ಬೀಳಲು ಪ್ರತಿ ಹಂತಕ್ಕೂ ಸಮಯ ಹಿಡಿಯುತ್ತದೆ. ಒಂದು ಕಂತಿನಷ್ಟು ಹಣ ಸದಾ ನಿಮ್ಮ ಕೈಯಲ್ಲಿರಲಿ.

ಕರಾರಿಗೆ ಒಂದು ಸಾಮಾನಿನ ಪಟ್ಟಿ ಲಗತ್ತಿಸಿ. "ಉತ್ತಮ ದರ್ಜೆಯ ಫರಸಿ" ಎಂದು ಬರೆದರೆ ಜಗಳಕ್ಕೆ ನೀವೇ ಆಮಂತ್ರಣ ಕೊಟ್ಟಂತೆ. "ಹಾಲ್‌ಗೆ 2×2 ಅಡಿ ವಿಟ್ರಿಫೈಡ್, ಚದರಡಿಗೆ ಇಷ್ಟು ರೂಪಾಯಿಯವರೆಗೆ, ಹೆಚ್ಚಾದದ್ದು ಗಿರಾಕಿಯದು" ಎಂದು ಬರೆಯಿರಿ. ಬಾಗಿಲಿನ ಮರ, ನಳದ ಕಂಪನಿ, ಸ್ವಿಚ್ಚಿನ ಕಂಪನಿ, ಕೋಣೆಗೆ ಎಷ್ಟು ಪಾಯಿಂಟು, ಸಂಪಿನ ಅಳತೆ, ಎಲ್ಲವೂ ಅಂಕಿಯಲ್ಲಿ.

ಬದಲಾವಣೆ ಕೇಳುವುದು ನಿಲ್ಲುವುದಿಲ್ಲ. ಊರಿಂದ ಹಿರಿಯರು ಬಂದು "ಅಡಿಗಿ ಮನಿ ಆಗ್ನೇಯಕ್ಕ ಇಲ್ಲಲ್ಲ" ಎಂದರೆ ಗಿರಾಕಿಯ ಮುಖ ಬಾಡುತ್ತದೆ. ಒಳಗೋಡೆಯ ಬದಲಾವಣೆಗೆ ಕಟ್ಟಡ ಕಿಟಕಿ ಮಟ್ಟ ಮುಟ್ಟುವವರೆಗೆ ಅವಕಾಶ ಕೊಡಿ. ಕಾಲಂ, ಮೆಟ್ಟಿಲು, ಸೆಪ್ಟಿಕ್ ಟ್ಯಾಂಕ್ ಮುಟ್ಟಬೇಡಿ. ಹೊರಗೋಡೆ ಮುಂದಕ್ಕೆ ತಂದರೆ ಮಂಜೂರಾದ ನಕ್ಷೆ ತಪ್ಪಿ ಕಂಪ್ಲೀಷನ್ ಸರ್ಟಿಫಿಕೇಟೇ ಸಿಕ್ಕಿಬೀಳುತ್ತದೆ. ಪ್ರತಿ ಬದಲಾವಣೆಗೂ ಒಂದು ಚೀಟಿ, ಅದರ ಮೇಲೆ ದರ, ಗಿರಾಕಿಯ ಸಹಿ, ಹಣ ಮುಂಗಡ. ಈ ಚೀಟಿಗೆ ನಾಚಿಕೊಂಡವರು ಕೀಲಿ ಕೊಡುವ ದಿನ ಒಂದೆರಡು ಲಕ್ಷ ಬಿಟ್ಟುಕೊಡಬೇಕಾಗುತ್ತದೆ.

ಸಿದ್ಧ ಮನೆ ಮಾರುವಾಗ

ಕ್ಯಾಲೆಂಡರ್ ಹಿಂದಿನಿಂದ ಓದಿ. ಯುಗಾದಿ, ಬಸವ ಜಯಂತಿಯ ಅಕ್ಷಯ ತದಿಗೆ, ದಸರಾ, ದೀಪಾವಳಿ ಪಾಡ್ಯ: ಇವು ವ್ಯವಹಾರದ ದಿನಗಳು. ಆಷಾಢ, ಪಿತೃಪಕ್ಷ, ಅಧಿಕಮಾಸದಲ್ಲಿ ವಾಸ್ತುಶಾಂತಿ ಇಲ್ಲ, ಬಹಳ ಜನ ಮಾತುಕತೆಗೂ ಬರುವುದಿಲ್ಲ. ಮನೆ ಫೆಬ್ರುವರಿ-ಮಾರ್ಚ್‌ಗೆ ಮುಗಿದರೆ ಎಲ್ಲಕ್ಕಿಂತ ಒಳ್ಳೆಯದು. ಮುಂದೆ ಯುಗಾದಿ, ಸುಗ್ಗಿಯ ದುಡ್ಡು, ವರ್ಗಾವಣೆ, ಹೊಸ ಶಾಲಾ ವರ್ಷ ಸಾಲಾಗಿ ಬರುತ್ತವೆ. ಅದಕ್ಕೆ ಏಪ್ರಿಲ್-ಮೇನಲ್ಲಿ ತಳಪಾಯ, ಮಳೆಗೆ ಮುಂಚೆ ಪ್ಲಿಂತ್. ಭರಾವಿನ ಗರಸು ಒಂದು ಮಳೆಗಾಲ ನೆನೆದು ಕೂರುತ್ತದೆ, ಅದೂ ಲಾಭವೇ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗೋಡೆ, ಅಕ್ಟೋಬರ್-ನವೆಂಬರ್‌ನಲ್ಲಿ ಸ್ಲ್ಯಾಬ್.

ತೋರಿಸುವ ಮುಂಚೆ ನೀವೇ ಪರೀಕ್ಷೆ ಮಾಡಿ. ಮಾಳಿಗೆಯ ನೀರಿನ ಕಿಂಡಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ. ಬಚ್ಚಲಿನಲ್ಲಿ ಫರಸಿ ಹಾಕುವ ಮೊದಲೇ ಒಂದು ದಿನ. ಕಾಲಂ-ಇಟ್ಟಂಗಿ ಸೇರುವಲ್ಲಿ ಗಿಲಾವಿನೊಳಗೆ ಜಾಳಿಗೆ ಹಾಕದಿದ್ದರೆ ಅಲ್ಲಿ ನೇರ ಬಿರುಕು ಬಂದೇ ಬರುತ್ತದೆ. ಭರಾವನ್ನು ಆರೆಂಟು ಇಂಚಿನ ಪದರವಾಗಿ ನೀರು ಹಾಕಿ ದಮ್ಮಸು ಮಾಡದೆ ಒಮ್ಮೆಲೇ ಸುರಿದಿದ್ದರೆ ಫರಸಿ ಬಡಿದಾಗ ಪೊಳ್ಳು ಸದ್ದು. ನಾಣ್ಯದಿಂದ ತಟ್ಟಿ ನೋಡುವ ಗಿರಾಕಿಗಳು ಈಗ ಬಹಳ. ಹಸಿ ಗಿಲಾವಿನ ಮೇಲೆ ಅವಸರದಲ್ಲಿ ಬಣ್ಣ ಹೊಡೆದರೆ ಮೊದಲ ಮಳೆಗೇ ಪಡುವಣ ಗೋಡೆ ಬಿಳುಪೇರುತ್ತದೆ.

ಹುಬ್ಬಳ್ಳಿಯಲ್ಲಿ ಮನೆ ನೋಡಲು ಬಂದವರ ಮೊದಲ ಪ್ರಶ್ನೆ "ನೀರು ಎಷ್ಟು ದಿನಕ್ಕೊಮ್ಮೆ?" ಉತ್ತರ ಸಂಪಿನಲ್ಲಿರಬೇಕು. ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ 675. ನೀರು ಎಂಟು ದಿನಕ್ಕೊಮ್ಮೆ ಬರುವ ಓಣಿಗೆ 5,400 ಲೀಟರ್ ಬೇಕು. ಒಳ ಅಳತೆ 8×6 ಅಡಿ, ನೀರಿನ ಆಳ 5 ಅಡಿಯ ಸಂಪಿಗೆ ಸುಮಾರು 6,800 ಲೀಟರ್ ಹಿಡಿಯುತ್ತದೆ. ಎರಿ ಮಣ್ಣಿನಲ್ಲಿ ಇದನ್ನು ಇಟ್ಟಂಗಿಯಲ್ಲಿ ಕಟ್ಟಬೇಡಿ, ಕಾಂಕ್ರೀಟಿನದೇ ಮಾಡಿಸಿ.

ಹೆಸ್ಕಾಂನ ಕಾಯಂ ಮೀಟರ್ ಕೂತಿರಲಿ. ಖಾಲಿ ಪ್ಲಾಟಿನ ಇ-ಖಾತೆ ಕಟ್ಟಡ ಸೇರಿ ಬದಲಾಗಿರಲಿ. ಇದನ್ನು ಕೊನೆಗೆ ಬಿಟ್ಟರೆ ನೋಂದಣಿ ವಾರಗಟ್ಟಲೆ ಮುಂದಕ್ಕೆ ಹೋಗುತ್ತದೆ. ಗಿರಾಕಿ ಸಿಗುವವರೆಗೆ ಬಾಡಿಗೆಗೆ ಕೊಡೋಣ ಎಂಬ ಆಸೆ ಬೇಡ. ಒಬ್ಬರು ಒಲೆ ಹೊತ್ತಿಸಿದರೆ ಅದು ಹಳೇ ಮನೆ, ಬೆಲೆಯೂ ಹಳೇ ಮನೆಯದೇ. ಏಜೆಂಟರಿಗೆ ಕೊಡುವುದಾದರೆ ಒಬ್ಬರಿಗೆ ಕೊಡಿ, ಬೆಲೆ ಬರೆದು ಕೊಡಿ. ನಾಲ್ವರು ನಾಲ್ಕು ಬೆಲೆ ಹೇಳಿದರೆ ಗಿರಾಕಿ ಎಲ್ಲಕ್ಕಿಂತ ಕಡಿಮೆಯದನ್ನು ಹಿಡಿದೇ ನಿಮ್ಮ ಹತ್ತಿರ ಬರುತ್ತಾರೆ. ನಾಲ್ಕು ತಿಂಗಳಾದರೂ ಮಾರಾಟವಾಗದಿದ್ದರೆ ಬೆಲೆ ಒಮ್ಮೆ ಇಳಿಸಿ, ಸರಿಯಾಗಿ ಇಳಿಸಿ. ತಿಂಗಳಿಗೆ ಇಪ್ಪತ್ತೈದು ಸಾವಿರದಂತೆ ಇಳಿಸುತ್ತ ಹೋದರೆ ಎಲ್ಲರೂ ಮುಂದಿನ ತಿಂಗಳಿಗೆ ಕಾಯುತ್ತಾರೆ.

ನೋಂದಣಿ ಮತ್ತು ಕೀಲಿ

ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಕರಡು ಪತ್ರ ಏರಿಸಿ, ಉಪನೋಂದಣಿ ಕಚೇರಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಪಡೆಯಬೇಕು. ಚೆಕ್‌ಬಂದಿ, ಅಳತೆ ಇ-ಖಾತೆಯಲ್ಲಿ ಇದ್ದಂತೆಯೇ ಪತ್ರದಲ್ಲಿರಲಿ, "ಪೂರ್ವಕ್ಕೆ ರಸ್ತೆ" ಒಂದರಲ್ಲಿ, "ಪೂರ್ವಕ್ಕೆ ಪ್ಲಾಟ್ ನಂ. 14" ಇನ್ನೊಂದರಲ್ಲಿ ಇದ್ದರೆ ವಾಪಸ್ ಬರುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಟಿಡಿಎಸ್ (ನಿಮ್ಮ ಲೆಕ್ಕದ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಹಿಡಿದ ತಿಂಗಳು ಮುಗಿದ ಮೇಲೆ 30 ದಿನದೊಳಗೆ. ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ. ಪ್ರಮಾಣಪತ್ರ ಕೇಳಿ ಪಡೆಯಿರಿ, ಇಲ್ಲವಾದರೆ ಆ ಹಣ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಕೀಲಿಯ ಜೊತೆ ಮೂಲ ಪತ್ರಗಳ ಪಟ್ಟಿ, ಮಂಜೂರಾದ ನಕ್ಷೆ, ಪಂಪು ಮತ್ತು ನಳಗಳ ವಾರಂಟಿ, ಗಿಲಾವು ಹೊಡೆಯುವ ಮೊದಲು ತೆಗೆದ ಪೈಪು-ವೈರಿಂಗ್ ಫೋಟೋಗಳನ್ನೂ ಕೊಡಿ. ಆ ಫೋಟೋ ಇಲ್ಲದ ಮನೆಯಲ್ಲಿ ಟಿವಿ ಮೊಳೆ ಪೈಪಿಗೆ ಬಿದ್ದರೆ ಫೋನ್ ಬರುವುದು ನಿಮಗೇ.

ರೇರಾ ಯೋಜನೆಯಲ್ಲಿ ಕಟ್ಟಡದ ರಚನೆ, ಕೆಲಸದ ಗುಣಮಟ್ಟದ ದೋಷಕ್ಕೆ ಕೀಲಿ ಕೊಟ್ಟ ದಿನದಿಂದ ಐದು ವರ್ಷ ನೀವೇ ಹೊಣೆ. ದೂರು ಬಂದ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ರೇರಾ ಇಲ್ಲದ ಎರಡು ಮನೆಯವರೂ ಕರಾರಿನಲ್ಲಿ ಒಂದು ವರ್ಷದ ದುರಸ್ತಿ ಬರೆದುಕೊಟ್ಟರೆ ಮುಂದಿನ ಮನೆ ಮಾರುವುದು ಸಲೀಸು. ಮನೆಯ ಸುತ್ತ ಮೂರಡಿ ಕಾಂಕ್ರೀಟ್ ಪಟ್ಟಿ ಹಾಕಿಕೊಡಿ, ಅದನ್ನು ಒಡೆದು ಗೋಡೆಗಂಟಿ ಗಿಡ ಹಚ್ಚಬೇಡಿ ಎಂದು ಗಿರಾಕಿಗೆ ಹೇಳಿ. ಎರಿ ನೆಲದಲ್ಲಿ ಗಿಡಕ್ಕೆ ಬಿಟ್ಟ ನೀರು ತಳಪಾಯಕ್ಕೇ ಹೋಗುತ್ತದೆ. ಕೂದಲೆಳೆಯಂಥ ಬಿರುಕು ಕಂಡ ಕೂಡಲೇ ತುಂಬಲು ಓಡಬೇಡಿ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗುರುತು, ತಾರೀಕು ಹಾಕಿ ಬಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದ ಮೇಲೆ ಗುರುತಿನಲ್ಲೇ ನಿಂತಿದ್ದರೆ ತುಂಬಿ ಬಣ್ಣ ಹೊಡೆಯಿರಿ. ಗುರುತು ದಾಟಿ ಬೆಳೆದಿದ್ದರೆ ಗೌಂಡಿಯನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.